ಕದ್ದು ಕೇಳಿದ ಒಪ್ಪಾರಿ

ಯಾಳಿನೀ, ಕವಿನ್,

ಈ ಬೇಸಿಗೆ ರಜೆಯಲ್ಲಿ ಒಂದು ಮಧ್ಯಾಹ್ನ ನಾನು ನಿಮ್ಮ ಕೈಯಿಂದ ನನ್ನ ಫೋನ್ ಕಿತ್ತುಕೊಂಡೆ. ಯಾಳಿನಿಯ ಮಣಿಕಟ್ಟಿನ ಮೇಲೆ ನನ್ನ ಉಗುರಿನ ಗೀರು ಬಿತ್ತು. ನೀವು ತಪ್ಪೇನೂ ಮಾಡಿರಲಿಲ್ಲ. ಫೋನಿನಲ್ಲಿ ಸಿಕ್ಕ ಹಾಡೊಂದನ್ನು ನಡುಮನೆಯಲ್ಲಿ ಜೋರಾಗಿ ಹಾಕಿಕೊಂಡು, ಕವಿನ್ ಸ್ಟೂಲು ಬಡಿಯುತ್ತಾ, ಯಾಳಿನಿ ಎದೆ ಬಡಿದುಕೊಂಡು ಅಳುವ ಹಾಗೆ ಕುಣಿಯುತ್ತಾ ನಗುತ್ತಿದ್ದಿರಿ. "ಏನಜ್ಜೀ, ಇಂಥಾ ಲೋಕಲ್ ಪಾಟ್ಟೆಲ್ಲ ಕೇಳ್ತೀಯಾ ನೀನು?" ಎಂದು ಯಾಳಿನಿ ಕೇಳಿದಳು. ನಾನು ಫೋನ್ ಹಿಡಿದು ಮಹಡಿಗೆ ಹೋಗಿಬಿಟ್ಟೆ. ಅವತ್ತು ಕೊಡದ ಉತ್ತರ ಇದು.

ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ನಿಮಗೇ ಗೊತ್ತು. ತಮಿಳಿನಲ್ಲಿ ಅಕ್ಷರ ಕೂಡಿಸಿ ಬಸ್ಸಿನ ಬೋರ್ಡು ಓದುತ್ತೇನೆ, ಬರೆಯಲಾರೆ. ಏಳನೇ ತರಗತಿಯವರೆಗೆ ಊರ ಶಾಲೆಯಲ್ಲಿ ಕಲಿತ ಕನ್ನಡವೇ ನನ್ನ ಕೈಯಲ್ಲಿರುವುದು. ಅದನ್ನು ಓದುವವರು ಈ ಮನೆಯಲ್ಲಿ ಯಾರೂ ಇಲ್ಲ. ಯಾಳಿನಿ ನನ್ನ ಹತ್ತಿರ ಅಕ್ಷರ ಕಲಿಯಲು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದ್ದಾಳೆ. ಆ ಧೈರ್ಯದ ಮೇಲೆಯೇ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಕೊಳ್ಳೇಗಾಲದ ಹತ್ತಿರದ ಹಳ್ಳಿ. ನನ್ನ ಅಪ್ಪ ಪೇಟೆಯಲ್ಲಿ ಹಣ್ಣಿನ ಅಂಗಡಿ ಇಟ್ಟಿದ್ದರು. ನಿಮ್ಮ ತಾತ ತಮಿಳುನಾಡಿನ ಹನುಮಂತನಪಟ್ಟಿಯಿಂದ ದ್ರಾಕ್ಷಿ ಲಾರಿಯ ಜೊತೆ ಅಲ್ಲಿಗೆ ಬರುತ್ತಿದ್ದರು. ಲಾರಿಯವರೊಡನೆ ತಮಿಳು, ಅಪ್ಪನೊಡನೆ ಕನ್ನಡ. ಅವರದು ಎಷ್ಟೋ ತಲೆಮಾರಿನ ಹಿಂದೆ ಆ ಕಡೆ ಹೋಗಿ ನೆಲೆಸಿದ ಕನ್ನಡದ ಮನೆ. ಆ ಕನ್ನಡ ನಮ್ಮ ಮುತ್ತಜ್ಜಿ ಆಡುತ್ತಿದ್ದಂಥದ್ದು. ಅಪ್ಪನಿಗೆ ಅದನ್ನು ಕೇಳುವುದೇ ಒಂದು ಖುಷಿ. "ಇವ್ರು ನಮ್ಮೋರೆ ಕಣವ್ವ, ಯಾವತ್ತೋ ಸಂತೆಗೆ ಹೋದೋರು ವಾಪಸ್ ಬರೋದ ಮರ್ತವ್ರೆ" ಎಂದು ಹೇಳಿ ಮದುವೆ ಮಾಡಿಕೊಟ್ಟರು.

ಈ ಕಣಿವೆಗೆ ಬಂದ ಎರಡನೆಯ ವಾರ. ಆನಿ ತಿಂಗಳು, ಅಂದರೆ ನಮ್ಮ ಕಡೆಯ ಜ್ಯೇಷ್ಠ, ಎರಡು ಕಡೆಯ ಬೆಟ್ಟದ ನಡುವೆ ಹಗಲೆಲ್ಲ ಗಾಳಿ. ಅಂಥ ಗಾಳಿಯನ್ನು ನಾನು ನಮ್ಮೂರಲ್ಲಿ ಕಂಡಿರಲಿಲ್ಲ. ಒಣಹಾಕಿದ ಸೀರೆ ತೋಟ ದಾಟಿ ಹೋಗುತ್ತಿತ್ತು. ಆ ಗಾಳಿಯ ಜೊತೆ ಒಂದು ಬೆಳಿಗ್ಗೆ ಮೈಕಿನ ಹಾಡು ಬಂತು. ಹೆಂಗಸಿನ ಗಂಟಲು, ಐಸ್‌ಕ್ರೀಮ್ ಗಾಡಿಯ ಸದ್ದಿನಂಥ ಕೀಬೋರ್ಡ್, ಅದರ ಹಿಂದೆ ಉರುಮಿ ಎಂಬ ಚರ್ಮವಾದ್ಯದ ಗುಮ್ಮು. ನಮ್ಮ ಕಡೆ ಆರ್ಕೆಸ್ಟ್ರಾ ಎಂದರೆ ಮದುವೆ. ಹೊಸ ಸೊಸೆ, ಯಾರೋ ಕರೆಯಬಹುದು ಎಂದುಕೊಂಡು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಜಗುಲಿಗೆ ಬಂದು ನಿಂತೆ.

ಅತ್ತೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. "ಎಲ್ಲಿಗೆ ತಾಯೀ ಸಿಂಗಾರ ಮಾಡ್ಕಂಡು?" ಎಂದು ಕೇಳಿದರು. ಮದುವೆ ಮನೆಗಲ್ಲವೇ ಅತ್ತೆ ಎಂದೆ. ಅವರು ಹುಣಸೆಯ ಕೈ ಕೊಡವಿದರು. "ಅದು ಸಾವು ತಾಯೀ. ಹೂವ ತೆಗೆದಿಟ್ಟು ಒಳಕ್ ಬಾ."

ಒಪ್ಪಾರಿ ಎಂಬ ಮಾತು ಅವತ್ತೇ ಕಲಿತೆ. ಸತ್ತವರ ಗುಣ ಹೇಳಿ ಹಾಡಿಕೊಂಡು ಅಳುವುದು. ನಮ್ಮೂರಲ್ಲಿ ಸತ್ತ ಮನೆಯ ಮುಂದೆ ತಮಟೆ ಬಡಿಯುತ್ತಾರೆ, ಅಳುವುದು ಮನೆಯವರ ಪಾಲು. ಇಲ್ಲಿ ಅಳುವುದಕ್ಕೂ ತಂಡ, ಮೈಕು, ವ್ಯಾನು. ಆ ದಿನ ಹಾಡಿದವಳು ನಿಲಕ್ಕೋಟ್ಟೈಯಿಂದ ಬರುತ್ತಿದ್ದ ಒಚ್ಚಾಯಿ. ಮರುದಿನ ಅತ್ತೆಯ ಜೊತೆ ಆ ಮನೆಗೆ ಹೋಗುವಾಗ ಬೀದಿಯ ಹೆಂಗಸರಿಗೆಲ್ಲ ನನ್ನ ರೇಷ್ಮೆ ಸೀರೆಯ ಕಥೆ ಗೊತ್ತಾಗಿತ್ತು. ಎಷ್ಟೋ ವರ್ಷ ನನ್ನ ಹೆಸರು ಅವರಿಗೆ 'ಸಾವಿಗೆ ಹೂ ಮುಡಿದ ಕೊಳ್ಳೇಗಾಲದವಳು' ಎಂದೇ ಇತ್ತು.

ಮನೆಯೊಳಗೆ ಎಲ್ಲರದೂ ಕನ್ನಡ, ಆದರೆ ನನ್ನ ಕನ್ನಡ ಅವರಿಗೆ ಪುಸ್ತಕ ಓದಿದ ಹಾಗೆ ಕೇಳುತ್ತಿತ್ತು. ನಾನು ಚಾಪೆ ಅಂದರೆ ಅವರು ಪಾಯಿ, ನಾನು ಜಗುಲಿ ಅಂದರೆ ಅವರು ತಿಣ್ಣೆ. ಹೊಸ್ತಿಲು ದಾಟಿದರೆ ಪೂರಾ ತಮಿಳು. ರಾಗಿ ಹಿಟ್ಟು ಮಾತ್ರ ಎರಡೂ ಕಡೆ ಒಂದೇ ರುಚಿ. ಉಂಡೆ ಮುರಿಯುವಾಗ ಬಿಟ್ಟರೆ ದಿನದ ಉಳಿದ ಹೊತ್ತೆಲ್ಲ ನಾನು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆ.

ಮೂರನೆಯ ವರ್ಷ ನನ್ನ ಅವ್ವ ತೀರಿಕೊಂಡ ಕಾಗದ ಬಂತು. ಆಗ ನಿಮ್ಮ ಅಪ್ಪ ನನ್ನ ಹೊಟ್ಟೆಯಲ್ಲಿ ಎಂಟು ತಿಂಗಳು. ಬಸ್ಸಿನಲ್ಲಿ ಅಷ್ಟು ದೂರ ಕಳಿಸಲಾಗದು ಎಂದರು. ಅದು ಸರಿಯಾದ ಮಾತೇ. ಅತ್ತೆ ನನ್ನ ತಲೆಗೆ ನೀರು ಹಾಕಿದರು. ಮನೆಯವರು ಪಾಪ ಎಂದರು. ನನ್ನ ಅವ್ವನ ಮುಖ ನೋಡಿದವರು ಆ ಊರಲ್ಲಿ ಯಾರಿದ್ದರು? ಯಾರ ಜೊತೆ ಅಳುವುದು? ಬಟ್ಟೆ ಬದಲಿಸಿ ಒಲೆಯ ಮುಂದೆ ಕೂತೆ.

ಹೆರಿಗೆಯಾಗಿ ಕೆಲವು ತಿಂಗಳ ಮೇಲೆ ಚಿನ್ನಮನೂರು ಬಸ್ ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯಲ್ಲಿ, ಒಂದು ಕ್ಯಾಸೆಟ್ಟಿನ ಹೊದಿಕೆಯ ಮೇಲೆ, ಊರ ಸಾವುಗಳಲ್ಲಿ ನೋಡಿದ್ದ ಒಚ್ಚಾಯಿಯ ಮುಖ ಕಂಡೆ. ಗಿಣಿಹಸಿರು ಸೀರೆ, ಮುಖಕ್ಕೆ ಪೌಡರ್, ಕೆನ್ನೆಯ ಮೇಲೆ ಬರೆದಂಥ ಎರಡು ಹನಿ. ಕೊಂಡೆ. ಮಗುವಿನ ಬಟ್ಟೆಯಲ್ಲಿ ಸುತ್ತಿ ತಂದೆ. ಯಾರೂ ಇಲ್ಲದ ಒಂದು ಮಧ್ಯಾಹ್ನ ಮನೆಯ ಟೇಪ್ ರೆಕಾರ್ಡರಿನಲ್ಲಿ ಹಾಕಿಕೊಂಡು ಅವ್ವನಿಗಾಗಿ ಅತ್ತುಬಿಟ್ಟೆ. ಅರ್ಥವಾದದ್ದು ನಾಲ್ಕರಲ್ಲಿ ಒಂದು ಮಾತು. ಅಷ್ಟೇ ಸಾಕಾಗಿತ್ತು.

ಅಲ್ಲಿಗೇ ನಿಲ್ಲಿಸಿದ್ದರೆ ಇಷ್ಟು ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಅವ್ವನ ದುಃಖ ಮುಗಿದ ಮೇಲೂ ನಾನು ಕೇಳಿದೆ. ಸುಖಕ್ಕಾಗಿ ಕೇಳಿದೆ, ಡಬ್ಬದ ಬೆಲ್ಲ ಕದ್ದು ತಿನ್ನುವ ಹಾಗೆ. ಅವಳ ಗಂಟಲು ಮೇಲೆ ಹೋದಾಗ ಒಡೆಯುತ್ತಿತ್ತು. ಕೀಬೋರ್ಡಿನವನು ಎಲ್ಲ ಸಾವಿಗೂ ಒಂದೇ ತಾಳ ಹಾಕುತ್ತಿದ್ದ. ಓದಿದವರು, ದೊಡ್ಡ ಮನೆಯವರು ಅದನ್ನು ಕೇಳಿ ಮೂಗು ಮುರಿಯುತ್ತಿದ್ದರು. ನನಗೋ ಆ ಒಡೆದ ಗಂಟಲೇ ಬೇಕಾಗಿತ್ತು. ಅದರಲ್ಲಿ ನನಗೆ ಇಷ್ಟವಾದ ಒಂದು ಸಾಲು: "ಕೂಪ್ಪಿಟ್ಟಿಯೋ ಎನ್ ರಾಸಾ, ಎನ್ ಕಾದಿಲೆ ವಿಳಲಿಯೇ." ಕರೆದೆಯಾ ನನ್ನ ರಾಜ, ನನ್ನ ಕಿವಿಗೆ ಬೀಳಲಿಲ್ಲವಲ್ಲ ಎಂದು ಅರ್ಥ. ಅದು ಬರುವಾಗ ನನ್ನ ತೋಳಿನ ರೋಮ ನಿಲ್ಲುತ್ತಿತ್ತು. ರಿವೈಂಡ್ ಮಾಡಿ ಮಾಡಿ ಕೇಳಿ ಆ ಜಾಗದಲ್ಲಿ ಟೇಪು ಸವೆದು ಹೋಯಿತು.

ಅತ್ತೆ ಒಂದು ದಿನ ಹೊಲದಿಂದ ಬೇಗ ಬಂದು ಕೇಳಿಸಿಕೊಂಡರು. ಬೈಯಲಿಲ್ಲ. ಬಂದು ಗುಂಡಿ ಒತ್ತಿ ನಿಲ್ಲಿಸಿದರು. "ಸಾವಿಲ್ಲದ ಮನೇಲಿ ಸಾವಿನ ಪಾಟು ಹಾಕಬಾರ್ದು ತಾಯೀ. ಮನೆ ತಪ್ಪಿದ ಸಾವು ಇದೇ ಮನೆ ಅನ್ಕಂಡು ಒಳಕ್ ಬತ್ತದೆ."

ನಿಮ್ಮ ತಾತನಿಗೂ ವಿಷಯ ತಿಳಿಯಿತು. ಅವರು ನಕ್ಕುಬಿಟ್ಟರು. ಟೇಪ್ ರೆಕಾರ್ಡರನ್ನು ಹೆಗಲಿಗೆ ನೇತುಹಾಕಿಕೊಂಡು ಹೋಗಿ ದ್ರಾಕ್ಷಿ ತೋಟದ ಮೋಟರ್ ಕೋಣೆಯಲ್ಲಿ ಮೊಳೆ ಹೊಡೆದು ಸಿಕ್ಕಿಸಿ ಬಂದರು. "ಅಲ್ಲಿ ಕೇಳ್ಕ. ಮೋಟರ್‌ಗೆ ಸಾವಿಲ್ಲ, ವೋಲ್ಟೇಜ್ ಇದ್ರೆ ಸರಿ" ಎಂದರು. ಬ್ಯಾಟರಿ ತೀರಿದಾಗಲೆಲ್ಲ ಅವರೇ ತಂದು ಹಾಕುತ್ತಿದ್ದರು. ಮುಂದೆ ಎಷ್ಟೋ ವರ್ಷ, ಮಧ್ಯಾಹ್ನ ಊಟ ತೆಗೆದುಕೊಂಡು ತೋಟಕ್ಕೆ ಹೋಗುವುದು, ಅವರು ಉಂಡು ಪಂದಲಿನ, ಅಂದರೆ ಬಳ್ಳಿಯ ಚಪ್ಪರದ, ಕೆಳಗೆ ಕೆಲಸಕ್ಕೆ ಹೋದ ಮೇಲೆ ಮೋಟರ್ ಕೋಣೆಯಲ್ಲಿ ಕೂತು ಒಂದು ಪಕ್ಕ ಕ್ಯಾಸೆಟ್ ಕೇಳುವುದು. ಈ ಊರಿನಲ್ಲಿ ನನ್ನದೇ ಎಂದು ಹೇಳಬಹುದಾದ ಜಾಗ ಅದೊಂದೇ ಆಗಿತ್ತು.

ಮುಂದಿನದನ್ನು ನಾನು ಯಾರಿಗೂ ಹೇಳಿಲ್ಲ. ನಿಮ್ಮ ಅಪ್ಪನಿಗೂ.

ನೀವಿಬ್ಬರೂ ಹುಟ್ಟುವ ಮೊದಲು, ಕವಾತಿನ ಕಾಲ. ದ್ರಾಕ್ಷಿ ಬಳ್ಳಿ ಕತ್ತರಿಸುವುದಕ್ಕೆ ಇಲ್ಲಿ ಕವಾತು ಎನ್ನುತ್ತಾರೆ. ನಿಮ್ಮ ತಾತ ಒಬ್ಬರೇ ಕತ್ತರಿ ಹಿಡಿದು ಹೋದರು. ನಾನು ಕೋಣೆಯಲ್ಲಿ ಕೂತೆ. ಮೋಟರ್ ಓಡುತ್ತಿತ್ತು, ಅದರ ಸದ್ದಿಗಿಂತ ಮೇಲೆ ಕೇಳಲಿ ಎಂದು ಹಾಡನ್ನು ಪೂರಾ ಜೋರು ಮಾಡಿದ್ದೆ. ಒಂದು ಪಕ್ಕ ಮುಗಿಯಿತು. ಮಜ್ಜಿಗೆ ಚೊಂಬು ಹಿಡಿದು ಹೊರಗೆ ಬಂದೆ. ಅವರು ಪಂದಲಿನ ಕೆಳಗೆ ಮಗ್ಗುಲಾಗಿ ಬಿದ್ದಿದ್ದರು. ಮುಖ ಮೋಟರ್ ಕೋಣೆಯ ಕಡೆಗಿತ್ತು.

ಡಾಕ್ಟರು ಹೃದಯ ಎಂದರು, ತಕ್ಷಣವೇ ಹೋಗಿದೆ, ನೋವೇ ತಿಳಿದಿರುವುದಿಲ್ಲ ಎಂದರು. ಎಲ್ಲರೂ ಅದನ್ನೇ ನಂಬಿದರು. ಆದರೆ ಕತ್ತರಿ ಏಳನೆಯ ಬಳ್ಳಿಯ ಬುಡದಲ್ಲಿತ್ತು, ಟವೆಲು ಆರನೆಯದರ ಹತ್ತಿರ. ಅವರು ಬಿದ್ದಿದ್ದದ್ದು ನಾಲ್ಕನೆಯ ಬಳ್ಳಿಯ ಬಳಿ. ಮೂರು ಬಳ್ಳಿಯಷ್ಟು ನನ್ನ ಕಡೆಗೆ ನಡೆದು ಬಂದಿದ್ದರು. ಜನರನ್ನು ಕೂಗಿ ಕರೆಯುವ ಮೊದಲು ನಾನು ಕತ್ತರಿ, ಟವೆಲು ಎರಡನ್ನೂ ತಂದು ಅವರ ಪಕ್ಕಕ್ಕೆ ಇಟ್ಟೆ. ಟೇಪಿನಿಂದ ಕ್ಯಾಸೆಟ್ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಎಲ್ಲಿದ್ದೆ ಎಂದು ಕೇಳಿದವರಿಗೆ ಮಜ್ಜಿಗೆ ತರಲು ಮನೆಗೆ ಹೋಗಿದ್ದೆ ಎಂದೆ.

ಮರುದಿನ ಬಂಧುಗಳು ಒಚ್ಚಾಯಿಯನ್ನೇ ಕರೆಸಿದರು. ಹಾಡುವ ಮೊದಲು ಅವಳು ಸತ್ತವರ ಹೆಸರು, ಕೆಲಸ, ಮಕ್ಕಳು ಎಲ್ಲ ಕೇಳಿಕೊಳ್ಳುತ್ತಾಳೆ, ಹಾಡಿನಲ್ಲಿ ಸೇರಿಸಬೇಕಲ್ಲ. ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಕೊನೆಯದಾಗಿ ಏನು ಹೇಳಿದರು ತಾಯೀ ಎಂದು ಮೆಲ್ಲಗೆ ಕೇಳಿದಳು. ಇಷ್ಟು ವರ್ಷ ಕ್ಯಾಸೆಟ್ಟಿನಲ್ಲಿ ಕೇಳಿದ ಗಂಟಲು ಅಷ್ಟು ಹತ್ತಿರದಲ್ಲಿ.  ಅವಳು ಎದ್ದು ಹೋಗಿ ಮೈಕ್ ಹಿಡಿದು ದ್ರಾಕ್ಷಿ ತೋಟ ಹಾಡಿದಳು, ಕೊಳ್ಳೇಗಾಲದ ಲಾರಿ ಹಾಡಿದಳು. ಆಮೇಲೆ ಆ ಸಾಲು ಹಾಡಿದಳು. ಕರೆದೆಯಾ ನನ್ನ ರಾಜ.

ಊರೆಲ್ಲ ಅತ್ತಿತು. ನನಗೆ ಒಂದು ಹನಿ ಬರಲಿಲ್ಲ. ಕೊಳ್ಳೇಗಾಲದವಳದು ಕಲ್ಲೆದೆ ಎಂದು ಹೆಂಗಸರು ಮಾತಾಡಿಕೊಂಡದ್ದು ಕೇಳಿಸಿತು.

ತೋಟ ಗುತ್ತಿಗೆಗೆ ಕೊಟ್ಟು ನಿಮ್ಮ ಅಪ್ಪನ ಜೊತೆ ತೇನಿಗೆ ಬಂದೆ. ಎಷ್ಟೋ ವರ್ಷ ಒಪ್ಪಾರಿಯ ಸದ್ದು ಬಂದರೆ ಕಿಟಕಿ ಮುಚ್ಚುತ್ತಿದ್ದೆ. ಈಚೆಗೆ ಫೋನಿನಲ್ಲಿ ಏನೋ ಒತ್ತಲು ಹೋಗಿ ಒಚ್ಚಾಯಿಯೇ ಬಂದು ನಿಂತಳು. ತಲೆ ಬೆಳ್ಳಗಾಗಿದೆ, ಕುರ್ಚಿಯಲ್ಲಿ ಕೂತು ಹಾಡುತ್ತಾಳೆ, ಕೀಬೋರ್ಡ್ ಮಾತ್ರ ಅದೇ. ನೀವು ಶಾಲೆಗೆ ಹೋದ ಮೇಲೆ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಾ ಕೇಳತೊಡಗಿದೆ. ಆ ಸಾಲು ಬರುವುದಕ್ಕೆ ಮೊದಲು ನಿಲ್ಲಿಸಿ ಮತ್ತೆ ಮೊದಲಿನಿಂದ ಹಾಕುತ್ತೇನೆ. ಆ ದಿನ ನೀವು ನಿಲ್ಲಿಸಲಿಲ್ಲ. ಆ ಸಾಲು ನಡುಮನೆಯಲ್ಲಿ ಬಂದುಬಿಟ್ಟಿತು, ನೀವಿಬ್ಬರೂ ಅಲ್ಲೇ ನಿಂತಿರುವಾಗ.

ಅದಾದ ಮೇಲೆ ಅತ್ತೆ ಹೇಳಿದ ಮಾತು ನೆನಪಾಗಿ ನನಗೆ ನಿದ್ದೆ ಇಲ್ಲ. ಕವಿನ್ ಸೈಕಲ್ ಹತ್ತಿದರೆ ಬಾಗಿಲಲ್ಲಿ ನಿಲ್ಲುತ್ತೇನೆ. ಕೊನೆಗೆ ಒಂದು ಬೆಳಿಗ್ಗೆ ದೇವಸ್ಥಾನಕ್ಕೆ ಎಂದು ಹೇಳಿ ಒಬ್ಬಳೇ ಬಸ್ಸು ಹತ್ತಿದೆ. ಬತ್ತಲಗುಂಡು ಬೋರ್ಡು ಓದಿದೆ, ಇಳಿದೆ, ನಿಲಕ್ಕೋಟ್ಟೈ ಬೋರ್ಡು ಓದಿದೆ, ಹತ್ತಿದೆ. ನಲವತ್ತು ವರ್ಷದಲ್ಲಿ ಈ ನಾಡಿನಲ್ಲಿ ನಾನು ಒಬ್ಬಳೇ ಮಾಡಿದ ಪ್ರಯಾಣ ಅದೊಂದೇ. ಹೂವಿನ ಮಾರುಕಟ್ಟೆಯಲ್ಲಿ ಒಚ್ಚಾಯಿ ಎಂದು ಕೇಳಿದ್ದಕ್ಕೆ ಮನೆಯಲ್ಲಿ ಯಾರು ಹೋದರು ಎಂದು ಕೇಳಿ ದಾರಿ ತೋರಿಸಿದರು.

ಅವಳು ತಿಣ್ಣೆಯ ಮೇಲೆ ಮಲ್ಲಿಗೆ ಕಟ್ಟುತ್ತಿದ್ದಳು. ತಮಿಳಿನಲ್ಲಿ ಅವಳು ಹೇಳಿದ್ದನ್ನು ನಮ್ಮ ಮಾತಿಗೆ ತಂದು ಬರೆಯುತ್ತೇನೆ. ಹನುಮಂತನಪಟ್ಟಿ, ದ್ರಾಕ್ಷಿ ತೋಟ ಎಂದೆ, ಅವಳಿಗೆ ನೆನಪಾಗಲಿಲ್ಲ. ಎಷ್ಟು ಸಾವು ತಾಯೀ, ಎಷ್ಟು ತೋಟ ಎಂದಳು. ಸಾವಿಲ್ಲದ ಮನೆಯಲ್ಲಿ ಪಾಟು ಹಾಕಿದರೆ ಸಾವು ಬರುತ್ತದೆಯೇ ಎಂದು ಕೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. "ದಿನಾ ಪಾತ್ರೆ ತೊಳೆಯುವಾಗ ಇಲ್ಲಿ ಪಾಡ್ತೀನಲ್ಲ. ಹಂಗೆ ಬರೋದಾದ್ರೆ ಈ ಮನೇಲಿ ಯಾರು ಉಳೀತಿದ್ರು?"

ನನಗೂ ನಗು ಬಂತು. ಆಗ ಬಾಗಿಲೊಳಗಿನ ಗೋಡೆ ಕಂಡಿತು. ಹಾರ ಹಾಕಿದ ಮೂರು ಪಟಗಳಿದ್ದವು. ಒಂದರಲ್ಲಿದ್ದವನು ಕವಿನ್‌ಗಿಂತ ಚಿಕ್ಕವನು. ನಾನು ಅದನ್ನು ನೋಡಿದ್ದನ್ನು ಅವಳು ನೋಡಿದಳು. ಇನ್ನೆರಡು ಹೂ ಕಟ್ಟಿದಳು.

ಆ ಸಾಲು ಎಲ್ಲ ಸಾವಿಗೂ ಯಾಕೆ ಹಾಡುತ್ತೀರಿ ಎಂದು ಕೇಳಿದೆ.

"ಅದು ಪಾಟಲ್ಲ ತಾಯೀ. ಪಟದಲ್ಲಿರೋ ಈ ಮಗ ನನ್ನ ಕರೆಯುವಾಗ ನಾನು ಆಂಡಿಪಟ್ಟಿಯಲ್ಲಿ ಇನ್ಯಾರದೋ ಮಗನಿಗೆ ಅಳ್ತಿದ್ದೆ. ಕೈಯಲ್ಲಿ ಮೈಕಿತ್ತು."

ನನ್ನದನ್ನೂ ಹೇಳಬೇಕು ಎಂದು ಬಾಯಿ ತೆರೆದೆ. ಬಾಯಿಂದ ಬಂದದ್ದು ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಎಂಬುದು. ಅವಳು ಹೊತ್ತು ಹೇಳಿದಳು. ಒಂದು ಮೊಳ ಮಲ್ಲಿಗೆ ಕತ್ತರಿಸಿ ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟಳು. ಆ ಸಂಜೆ ಯಾಳಿನಿ ಮುಡಿದದ್ದು ಅದೇ ಹೂ.

ಸಾವು ಹಾಡು ಕೇಳಿ ಬರುತ್ತದೋ ಇಲ್ಲವೋ ನನಗೆ ಇನ್ನೂ ಗೊತ್ತಿಲ್ಲ. ಹಾಡು ಕರೆಯಿತು ಎಂದುಕೊಳ್ಳುವುದು ಸುಲಭ, ಅವರು ಕರೆದರು, ನನಗೆ ಕೇಳಿಸಲಿಲ್ಲ ಎಂದುಕೊಳ್ಳುವುದಕ್ಕಿಂತ. ಅವರು ನನ್ನನ್ನು ಯಾವ ಮಾತಿನಲ್ಲಿ ಕರೆದಿರಬಹುದು ಎಂದು ಈಗಲೂ ಯೋಚಿಸುತ್ತೇನೆ. ನನ್ನ ಕೊಳ್ಳೇಗಾಲದ ಹೆಸರನ್ನೋ, ಈ ಮನೆಯಲ್ಲಿ ಕರೆಯುವುದನ್ನೋ.

ನನ್ನ ಸರದಿ ಬಂದಾಗ ನಿಮ್ಮ ಅಪ್ಪ ಇಂಥದೆಲ್ಲ ಬೇಡ ಎನ್ನುತ್ತಾನೆ. ಕೊಳ್ಳೇಗಾಲದ ಕಡೆಯವರು ಬಂದರೆ ತಮಟೆ ಎಲ್ಲಿ ಎನ್ನುತ್ತಾರೆ. ನಾನು ಅವ್ವನಿಗೆ ಅತ್ತದ್ದು ತಮಿಳಿನಲ್ಲಿ, ಇದನ್ನು ಬರೆದದ್ದು ಕನ್ನಡದಲ್ಲಿ. ನನಗೆ ಯಾವುದರಲ್ಲಿ ಅತ್ತರೂ ಅರ್ಧ ಕೇಳಿಸುವುದಿಲ್ಲ. ಆದರೂ ಒಚ್ಚಾಯಿಯ ತಂಡವನ್ನೇ ಕರೆಸಿ. ಆ ಸಾಲೊಂದನ್ನು ಮಾತ್ರ ಬಿಟ್ಟು ಹಾಡಲು ಹೇಳಿ. ನಾನು ಹೋಗುವಾಗ ಯಾರನ್ನೂ ಕರೆಯುವುದಿಲ್ಲ. ನಿಮ್ಮ ಕಿವಿಯಲ್ಲಿ ಅದು ಉಳಿಯುವುದು ಬೇಡ.

ನನ್ನ ತಗಡಿನ ಪೆಟ್ಟಿಗೆಯ ತಳದಲ್ಲಿ ಆ ಕ್ಯಾಸೆಟ್ ಇದೆ. ಈ ಹಾಳೆಗಳನ್ನೂ ಅದರ ಜೊತೆ ಇಡುತ್ತೇನೆ. ಯಾಳಿನೀ, ಉಳಿದ ಅಕ್ಷರ ಕಲಿಯುವವರೆಗೆ, ಬೇರೆ ಯಾರ ಕೈಯಲ್ಲೂ ಓದಿಸಬೇಡ. ಕವಿನ್, ಅವಳು ಓದುವಾಗ ನೀನೂ ಪಕ್ಕದಲ್ಲಿ ಕೂತುಕೋ. ಗೆದ್ದಲು ಹತ್ತದ ಹಾಗೆ, ಮಳೆ ನೀರು ತಾಗದ ಹಾಗೆ, ಇವನ್ನು ಜೋಪಾನವಾಗಿ ಇಟ್ಟುಕೊಳ್ಳಿ.