ನಂಜುಂಡ ಮಾಸ್ಟರ್ ಹೊಲಿದ ಬೆನ್ನುಚೀಲ

ವಡಪಳನಿಯ ಮುರುಗನ ಗುಡಿಯ ಹಿಂದಿನ ಬೀದಿಯಲ್ಲಿ ನಂಜುಂಡನ ಅಂಗಡಿಯಿತ್ತು. ಅಂಗಡಿ ಎಂದರೆ ಒಂದು ಹೊಲಿಗೆ ಯಂತ್ರ, ಒಂದು ಹಲಗೆ, ಇಬ್ಬರು ಕೂತರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕಾದಷ್ಟು ಜಾಗ. ಕೊಳ್ಳೇಗಾಲದ ಕಡೆಯಿಂದ ಹದಿನೆಂಟರ ಹರೆಯದಲ್ಲಿ ಮದರಾಸಿಗೆ ಬಂದ ಆಸಾಮಿ. ಕನ್ನಡ ಸಿನಿಮಾಗಳು ಕೋಡಂಬಾಕ್ಕಂನಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ಸ್ಟುಡಿಯೋದವರಿಗೆ ಉಡುಪು ಹೊಲಿಯುತ್ತಿದ್ದ. ರಾಜನ ನಿಲುವಂಗಿಯನ್ನು ಯಾರು ಬೇಕಾದರೂ ಹೊಲಿದಾರು. ನಂಜುಂಡನ ಹೆಚ್ಚುಗಾರಿಕೆ ಇದ್ದದ್ದು ಹಗ್ಗಕ್ಕೆ ನೇತುಬಿದ್ದು ಹಾರುವ ಫೈಟರುಗಳ ಸೊಂಟಪಟ್ಟಿಯಲ್ಲಿ. ಒಮ್ಮೆ ಯಾರೋ ಆತುರದವರು ಬಜಾರಿನಿಂದ ಕೊಂಡಿ ಹಾಕಿದ ಪಟ್ಟಿ ತಂದು ಕಟ್ಟಿಸಿದರು. ಕೊಂಡಿ ಕಳಚಿತು. ನಂಜುಂಡನ ಊರಿನವನೇ ಆದ ಅಂದಾನಿ ಅವನ ಕಣ್ಣೆದುರೇ ಮೂವತ್ತಡಿ ಕೆಳಗೆ ಬಿದ್ದ. ಬದುಕಿದ, ಆದರೆ ಮತ್ತೆ ಎದ್ದು ನಡೆಯಲಿಲ್ಲ. ಅಂದಿನಿಂದ ನಂಜುಂಡನಿಗೆ ಕೊಂಡಿ ಎಂದರೆ ಮೈಯೆಲ್ಲ ಉರಿ.

ಸಿನಿಮಾದವರು ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಹೋದರು. ನಂಜುಂಡ ಹೋಗಲಿಲ್ಲ. ಚೀಲ ಹೊಲಿಯತೊಡಗಿದ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತುವ ಹುಚ್ಚಿನವರು ಅದು ಹೇಗೋ ಅವನ ಅಂಗಡಿ ಹುಡುಕಿಕೊಂಡು ಬರತೊಡಗಿದರು.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಪ್ರಮೋದ ಬಂದ. ತಿರುವಲ್ಲಿಕ್ಕೇಣಿಯ ಹುಡುಗ, ಇಪ್ಪತ್ತಾರು ವಯಸ್ಸು, ಯಾವುದೋ ಆಫೀಸಿನಲ್ಲಿ ಕೆಲಸ. ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ಆಚಾರವಂತ ಕನ್ನಡಿಗರ ಮನೆಯವನು. ಹಿಮಾಲಯಕ್ಕೆ ಹೊರಟಿದ್ದ. ಅಂಗಡಿಯಿಂದ ನೋಡಲೆಂದು ತಂದಿದ್ದ ಫಾರಿನ್ ಚೀಲವೊಂದನ್ನು ಹಲಗೆಯ ಮೇಲಿಟ್ಟ.

"ಮಾಸ್ಟರ್, ಇದು ರೆಡಿಮೇಡ್. ಎಪ್ಪತ್ತೈದು ಲೀಟರ್. ಇದನ್ನೇ ತಗೊಳ್ಳಲಾ, ಇಲ್ಲಾ ನೀವೇ ಹೊಲಿದು ಕೊಡ್ತೀರಾ? ಹದಿನಾಲ್ಕು ದಿನದ ಟ್ರೆಕ್. ಅಮ್ಮ ಬೇರೆ ಹೊರಗಿನ ಸಾಪ್ಪಾಡು ಕೂಡಾದು, ಹೊರಗಿನ ಊಟ ಮುಟ್ಟಲೇಬಾರದು ಅಂತ ಅವಲಕ್ಕಿ, ಹುರಿಹಿಟ್ಟು, ಸ್ಟವ್, ಪಾತ್ರೆ ಎಲ್ಲಾ ತುಂಬಿಸ್ತಾಳೆ. ಇಪ್ಪತ್ತೈದು ಕಿಲೋ ದಾಟತ್ತೆ."

ನಂಜುಂಡ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದ. ಬಟ್ಟೆಗೆ ತಲೆದೂಗಿದ, ಬೆನ್ನಿನ ಪಟ್ಟಿಗೂ ತಲೆದೂಗಿದ. ಸೊಂಟದ ಹತ್ತಿರ ಬಂದಾಗ ಮುಖ ಹುಳ್ಳಗಾಯಿತು.

"ಇಷ್ಟ್ ಭಾರನ ಈ ಪ್ಲಾಸ್ಟಿಕ್ ಕೊಂಡಿ ತಡ್ಕತದಾ? ಬೆಟ್ಟದ್ ನೆತ್ತಿ ಮ್ಯಾಲೆ ಮುರ್ಕಂಡ್ರೆ ಯಾರ್ನ ಕೂಗೀಯಪ್ಪ?"

"ಆದ್ರೆ ಮಾಸ್ಟರ್, ಇದು ಒತ್ತಿದ್ರೆ ಟಕ್ ಅಂತ ಬಿಚ್ಚಿಕೊಳ್ಳತ್ತೆ."

"ಟಕ್ ಅಂತ ಬಿಚ್ಕಳದೇ ಕಣಪ್ಪ ಅದ್ರ ರೋಗ."

ಹುಡುಗ ನಕ್ಕ. ಚೀಲವನ್ನು ಅಂಗಡಿಗೆ ವಾಪಸು ಕೊಟ್ಟ.

ನಂಜುಂಡ ಮದರಾಸು ಬಂದರಿನ ಪಕ್ಕದ ರಾಯಪುರಕ್ಕೆ ಹೋಗಿ, ಹಡಗಿನ ಸರಕಿಗೆ ಹೊದಿಸುವ ಕ್ಯಾನ್ವಾಸನ್ನು ತಾನೇ ಆರಿಸಿ ತಂದ. ಹುಡುಗನ ಕತ್ತಿನಿಂದ ಸೊಂಟದವರೆಗೆ ಅಳತೆ ತೆಗೆದು, ಭಾರವೆಲ್ಲ ಹೆಗಲಿಗೆ ಬೀಳದೆ ಸೊಂಟಕ್ಕೆ ಇಳಿಯುವ ಹಾಗೆ ಹೊಲಿದ. ಸೊಂಟಕ್ಕೆ ನಾಲ್ಕು ಬೆರಳಗಲದ ಹತ್ತಿಯ ಪಟ್ಟಿ, ಎರಡು ಕಬ್ಬಿಣದ ರಿಂಗು. ಪಟ್ಟಿಯನ್ನು ಎರಡರೊಳಗೂ ತೂರಿಸಿ ಹಿಂದಕ್ಕೆ ಎಳೆದರೆ, ಎಳೆದಷ್ಟೂ ಬಿಗಿ. ಪ್ರಮೋದ ಅದರೊಳಗೆ ಅಕ್ಕಿಮೂಟೆ ಇಟ್ಟು ಬೀದಿಯಲ್ಲಿ ಮೂರು ಸುತ್ತು ಹಾಕಿ ಬಂದ. ಭಾರವೇ ಗೊತ್ತಾಗ್ತಿಲ್ಲ ಮಾಸ್ಟರ್ ಎಂದ. ನಂಜುಂಡ ಅವತ್ತೆಲ್ಲ ಉಬ್ಬಿಹೋಗಿದ್ದ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಆಟೋದಿಂದ ಒಬ್ಬ ಹೆಂಗಸು ಇಳಿದರು. ಕೈಯಲ್ಲಿ ಅದೇ ಚೀಲ.

"ನೀವೇ ತಾನೆ ನಂಜುಂಡ ಮಾಸ್ಟರ್? ನಾನು ಜಯಲಕ್ಷ್ಮೀ, ಪ್ರಮೋದನ ಅಮ್ಮ. ಪ್ರಮೋದ ಹೋಗ್ಬಿಟ್ಟ."

ಹಲಗೆಯ ಮೇಲೆ ಕೂತು, ಯಾರದೋ ವಿಷಯ ಹೇಳುವವರಂತೆ ಆಕೆ ಹೇಳಿದರು. ಬೆಟ್ಟದ ಹಳ್ಳ ದಾಟುವಾಗ ಕಾಲು ಜಾರಿತಂತೆ. ನೀರು ಮೊಣಕಾಲಿನವರೆಗಷ್ಟೇ ಇತ್ತಂತೆ, ಸೆಳೆತ ಮಾತ್ರ ಜೋರು. ಬೋರಲು ಬಿದ್ದವನು ಮೇಲೇಳಲೇ ಇಲ್ಲ. ಜೊತೆಯವರು ಬಂದು ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

"ನಿಮ್ಮ ಚೀಲ ಬಂಡೆಗೆ ಸಿಕ್ಕಿಕೊಂಡು ನಿಂತಿತಂತೆ. ಹರೀಲಿಲ್ಲ. ಇಲ್ದಿದ್ರೆ ಬಾಡಿ ಕೂಡ ನಮಗೆ ಸಿಕ್ತಿರಲಿಲ್ಲ. ನಿಮ್ಮ ಹೊಟ್ಟೆ ತಣ್ಣಗಿರಲಿ. ಈ ಸೊಂಟದ ಪಟ್ಟಿ ಒಂದನ್ನ ಕತ್ತರಿಸಿದ್ದಾರೆ. ಹೊಲಿದು ಕೊಡಿ, ಅವನ ಬಟ್ಟೆಯೆಲ್ಲಾ ಇದರಲ್ಲೇ ಇಟ್ಕೋತೀನಿ."

ನಂಜುಂಡ ಪಟ್ಟಿಯನ್ನು ಕೈಗೆತ್ತಿಕೊಂಡ. ರಿಂಗುಗಳ ಪಕ್ಕದಲ್ಲೇ ಚಾಕು ಹಾಕಿ ಕುಯ್ದಿದ್ದರು. ರಿಂಗುಗಳ ನಡುವೆ ಸಿಕ್ಕಿದ್ದ ತುಂಡು ಇನ್ನೂ ಅಲ್ಲೇ ಇತ್ತು. ಹೆಬ್ಬೆರಳು ತೂರಿಸಿ ಎಳೆದ, ಜಗ್ಗಲಿಲ್ಲ. ನೀರು ಕುಡಿದು ಊದಿಕೊಂಡಿದ್ದ ಹತ್ತಿ ಒಣಗಿದ ಮೇಲೂ ಕಚ್ಚಿ ಕೂತಿತ್ತು.

ಸ್ಟುಡಿಯೋದಲ್ಲಿ ಫೈಟರು ಕೆಳಗಿಳಿದ ಕೂಡಲೇ ಪಟ್ಟಿ ಬಿಚ್ಚಲು ಇಬ್ಬರು ಕಾದಿರುತ್ತಿದ್ದರು. ತೊಟ್ಟವನೇ ಅದನ್ನು ಬಿಚ್ಚಿಕೊಂಡದ್ದನ್ನು ನಂಜುಂಡ ಅಷ್ಟು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ. ಒಬ್ಬನೇ ಬಿಚ್ಚಿಕೊಳ್ಳಬೇಕಾಗಿ ಬಂದರೆ ಎಂಬ ಯೋಚನೆಯೇ ಅವನ ತಲೆಗೆ ಬಂದಿರಲಿಲ್ಲ.

ಹೇಳದೆ ಇದ್ದುಬಿಡಬಹುದಿತ್ತು. ಆಕೆ ಹರಸುತ್ತಿದ್ದಾರೆ, ಬೇರೆ ಯಾರಿಗೂ ಗೊತ್ತಿಲ್ಲ. ಸೂಜಿಗೆ ದಾರ ಪೋಣಿಸಿ ಎರಡು ಹೊಲಿಗೆ ಹಾಕಿಯೂ ಹಾಕಿದ. ಆಮೇಲೆ ಸೂಜಿ ಕೆಳಗಿಟ್ಟ.

"ಅಮ್ಮಾವ್ರೆ, ಇದು ಬಿಚ್ಕಳ್ನಿಲ್ಲ ಕಣವ್ವ. ಅದ್ಕೇ ಕುಯ್ದವ್ರೆ. ಅಂಗ್ಡಿ ಚೀಲನೇ ತಕ್ಕಂಡಿದ್ರೆ ನಿಮ್ಮಗ ಒಂದ್ ಕೈಲಿ ಒತ್ತಿ, ಭಾರ ಕಳಚ್ಕಂಡು ಎದ್ಬುಡೋನು. ಅದು ಬ್ಯಾಡ ಅಂದೋನು ನಾನು."

ಜಯಲಕ್ಷ್ಮೀ ಅವನ ಕೈಯಿಂದ ಪಟ್ಟಿ ಕಸಿದುಕೊಂಡು ರಿಂಗಿನೊಳಕ್ಕೆ ಉಗುರು ತೂರಿಸಿ ಎಳೆಯತೊಡಗಿದರು. ಬಹಳ ಹೊತ್ತು ಎಳೆದರು. ಉಗುರು ಮುರಿದು ರಕ್ತ ಬಂತು.

"ಸ್ಟವ್ ಬೇಡಮ್ಮಾ, ಭಾರ ಅಂದ," ಎಂದರು ಕೊನೆಗೆ. "ನಾನೇ ತುಂಬಿದೆ."

ಕಣ್ಣೊರೆಸಿಕೊಂಡು ಕೇಳಿದರು, "ಇದೇ ಮಾದರಿ ಇನ್ನೆಷ್ಟು ಜನಕ್ಕೆ ಹೊಲಿದಿದ್ದೀರಿ?"

"ಹನ್ನೊಂದು."

"ಅವರಿಗೆ ಹೇಳಿ. ನನಗೆ ಹೇಳಿದ ಹಾಗೇ ಹೇಳಿ. ಏನೋ ರಿಪೇರಿ ಇದೆ ಅಂತ ಸುಳ್ಳು ಹೇಳಿ ಚೀಲ ಈಸ್ಕೋಬೇಡಿ. ಪ್ರಮೋದನ ಹೆಸರು ಹೇಳಿ."

ಆಕೆ ಚೀಲವನ್ನು ಎತ್ತಿಕೊಂಡು ಹೋದರು. ನಂಜುಂಡ ಯಂತ್ರಕ್ಕೆ ಬಟ್ಟೆ ಮುಚ್ಚಿ ಅಂಗಡಿಗೆ ಬೀಗ ಹಾಕಿದ.

ಮೊದಲನೆಯ ಮನೆ ಸೈದಾಪೇಟೆಯಲ್ಲಿತ್ತು. ಮೈಸೂರಿನಿಂದ ಬಂದು ನೆಲೆಸಿದ್ದ ರಘು ಎಂಬ ಇಂಜಿನಿಯರನ ಮನೆ. ಬಾಗಿಲು ತೆಗೆದವನೇ ಮುಖ ಅರಳಿಸಿ, "ಬನ್ನಿ ಮಾಸ್ಟ್ರೇ, ಕೂತ್ಕೊಳ್ಳಿ. ಪಾವನಾ, ಕಾಫಿ ತಗೊಂಡ್ ಬಾ. ನಿಮ್ಮ ಚೀಲ ಸೂಪರ್, ನಾಲ್ಕು ಜನ ಫ್ರೆಂಡ್ಸ್‌ಗೆ ಹೇಳಿದ್ದೀನಿ," ಎಂದ.

ನಂಜುಂಡ ಹೊಸಿಲು ದಾಟಲಿಲ್ಲ.

"ಕಾಪಿ ಬ್ಯಾಡಿ ಸಾ. ಈ ಚೀಲದಿಂದ ಒಂದ್ ಹುಡುಗ ಸತ್ತೋದ. ಪ್ರಮೋದ ಅಂತ ಅವ್ನ ಹೆಸ್ರು. ಹೊಲ್ದೋನು ನಾನು."

ರಘುವಿನ ನಗು ಮಾಯವಾಯಿತು. ಕಾಫಿ ಲೋಟ ಹಿಡಿದು ಬಂದ ಹೆಂಡತಿ ಪಾವನಾ ಒಳಬಾಗಿಲಲ್ಲೇ ನಿಂತಳು. ಇನ್ನೂ ಹತ್ತು ಮನೆ ಉಳಿದಿದ್ದವು.