ನಾಯಕಿಯ ಅಪ್ಪನಾದ ಶೇಷಾದ್ರಿ

ಜಯನಗರದ ಶೇಷಾದ್ರಿಯದು ಬಲು ತಗ್ಗು ದನಿ. ಮೇಲಿನ ಷಡ್ಜ ಎಟುಕದೆ ಸಂಗೀತ ಪಾಠ ಬಿಟ್ಟು ಬ್ಯಾಂಕ್ ಸೇರಿದ್ದ. ಸಹೋದ್ಯೋಗಿಯ ಮದುವೆಗೆಂದು ಕಂಟೋನ್ಮೆಂಟಿನ ಚರ್ಚಿಗೆ ಹೋದಾಗ ಎಲ್ಲರ ಜೊತೆ ತಾನೂ ಹಾಡಿದ. ಆರ್ಗನ್ ನುಡಿಸುತ್ತಿದ್ದ ಮಿಸ್ ಡಿಕ್ರೂಜ್ ಆಮೇಲೆ ಅವನನ್ನು ಹುಡುಕಿಕೊಂಡು ಬಂದು, "ನಿಮ್ಮದು ಒಳ್ಳೇ ಬ್ಯಾರಿಟೋನ್, ಪಾಶ್ಚಾತ್ಯ ಸಂಗೀತಕ್ಕೆ ಬೇಕಾದ ತಗ್ಗು ಗಂಡುದನಿ. ಬನ್ನಿ, ನಾನು ಹೇಳಿಕೊಡ್ತೀನಿ" ಅಂದರು.

ಬ್ಯಾಂಕು ಮುಗಿಸಿ ಸೈಕಲ್ ತುಳಿದು ಹೋಗಿ ವರ್ಷಗಟ್ಟಲೆ ಕಲಿತ, ಕಛೇರಿಗಳಲ್ಲಿ ಹಾಡಿದ. ೧೯೬೩ರಲ್ಲಿ, ಮಾತೆಲ್ಲ ಹಾಡೇ ಆಗಿರುವ ಇಟಾಲಿಯನ್ ಒಪೆರಾವೊಂದರಲ್ಲಿ ನಾಯಕಿಯ ಅಪ್ಪನಾದ. ಮುಂದಿನ ಸಾಲಿನಲ್ಲಿದ್ದ ತಾಯಿ ಅಲಮೇಲು ಭಾಷೆ ತಿಳಿಯದಿದ್ದರೂ ಕಣ್ಣೊರೆಸಿಕೊಂಡರು.

"ಚೆನ್ನಾಗಿ ಹಾಡಿದೆ. ಆದ್ರೆ ಹೆತ್ತ ಮಗಳನ್ನ ಅಷ್ಟೊಂದು ಗದರಬಾರದಿತ್ತು ಕಣೋ," ಅಂದರು ಆಮೇಲೆ.

ಶೇಷಾದ್ರಿ ನಗುತ್ತಲೇ ಅವರ ಕಾಲಿಗೆ ನಮಸ್ಕರಿಸಿದ. ಮುಂದೆ ಮದ್ರಾಸು, ಬೊಂಬಾಯಿಯಲ್ಲೂ ಹಾಡಿದ. ಹೋದಲ್ಲೆಲ್ಲ ಆ ತಗ್ಗು ದನಿಗೆ ಅಪ್ಪನ ಪಾತ್ರವೇ ಸಿಕ್ಕಿತು, ಚಪ್ಪಾಳೆಯೂ ಸಿಕ್ಕಿತು.