ಉಡಚವ್ವ ಕೊಂಡ ಪಲ್ಟನ್ ಡೇರೆ

ಉಡಚವ್ವನಿಗೆ ಹೊಟ್ಟೆಕಿಚ್ಚು ಎಂದು ಬೆಟಗೇರಿಯಲ್ಲಿ ಯಾರಾದರೂ ಅಂದರೆ ಅದನ್ನು ಚಾಡಿ ಎಂದು ಯಾರೂ ತಿಳಿಯುತ್ತಿರಲಿಲ್ಲ. ಒಬ್ಬರಿಗೆ ಮೂಗು ಉದ್ದ, ಒಬ್ಬರಿಗೆ ಕೂದಲು ಗುಂಗುರು, ಅವಳಿಗೆ ಹೊಟ್ಟೆಕಿಚ್ಚು, ಅಷ್ಟೇ. ಅದೂ ಕಂಡಕಂಡವರ ಮೇಲಲ್ಲ. ಹತ್ತಿ ಸಾಹುಕಾರರು ಮಾಳಿಗೆಯ ಮೇಲೆ ಮಾಳಿಗೆ ಏರಿಸಲಿ, ಅವರ ಹೆಂಡಿರು ಸೊಂಟದ ಬಂಗಾರದ ಡಾಬಿನ ಭಾರಕ್ಕೆ ಬಾಗಿ ನಡೆಯಲಿ, ಉಡಚವ್ವ ಕತ್ತೆತ್ತಿ ನೋಡಿದವಳಲ್ಲ. ಅವಳ ಕಿಚ್ಚೆಲ್ಲ ಒಬ್ಬಳಿಗೇ ಮೀಸಲು. ಆಕೆ ನೆಗೆಣ್ಣಿ ಬಸವಣ್ಣೆವ್ವ, ಮೈದುನ ಗವಿಸಿದ್ದಪ್ಪನ ಹೆಂಡತಿ.

ಇಬ್ಬರದೂ ಒಂದೇ ಕಸುಬು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಸಂತೆಯಿಂದ ಸಂತೆಗೆ ಎತ್ತಿನ ಗಾಡಿಯಲ್ಲಿ ಹಂಚು, ಹಿಟ್ಟಿನ ಚೀಲ, ಝುಣಕದ ಬೋಗುಣಿ ಹೇರಿಕೊಂಡು ಹೋಗುವುದು. ಬಯಲಿನಲ್ಲಿ ಮೂರು ಕಲ್ಲು ಹೂಡಿ ಬಿಸಿರೊಟ್ಟಿ ಬಡಿದು ಮಾರುವುದು. ಅಣ್ಣತಮ್ಮಂದಿರು ಕೂಡಿದ್ದಾಗ ಒಲೆ ಒಂದೇ ಇತ್ತು. ಉಡಚವ್ವ ಬಡಿಯುವಳು, ಬಸವಣ್ಣೆವ್ವ ನೀಡುವಳು. ಉಂಡವರು ಏಳುವಾಗ "ರೊಟ್ಟಿ ಭಾಳ ಚಲೋ ಆಗ್ಯಾವ ನೋಡವಾ" ಎಂದು ಹೇಳುತ್ತಿದ್ದದ್ದು ನೀಡಿದವಳಿಗೆ. ಹೊಗೆ ಕುಡಿದವಳ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಬೇರೆಯಾದ ಮೇಲಾದರೂ ಈ ಕಾಟ ತಪ್ಪೀತೆಂದರೆ ತಪ್ಪಲಿಲ್ಲ. ಬಸವಣ್ಣೆವ್ವ ಎದುರಿಗೇ ಒಲೆ ಹೂಡಿದಳು. ಎದುರಿಗೆ ಹೂಡಿದ್ದು ಹಟಕ್ಕಲ್ಲ, ಅಕ್ಕನ ಕಣ್ಣಳತೆಯಲ್ಲಿ ಇರಬೇಕೆಂಬ ಆಸೆಗೆ. ಉಪ್ಪು ಮುಗಿದರೆ "ಅಕ್ಕಾ, ಒಂದು ಹಿಡಿ ಉಪ್ಪು ಕೊಡ" ಎಂದು ಬರುವಳು, ನಗುವಳು, ಹೋಗುವಳು. ಅವಳ ಹಿಂದೆಯೇ ಉಡಚವ್ವನ ಗಿರಾಕಿಗಳೂ ಎದ್ದು ಹೋಗುವರು. ಬಸವಣ್ಣೆವ್ವನ ತಪ್ಪೇನು ಎಂದು ಯಾರಾದರೂ ಕೇಳಿದ್ದರೆ ಉಡಚವ್ವ ಉತ್ತರಕ್ಕೆ ತಡಕಾಡುತ್ತಿದ್ದಳು. ತಪ್ಪು ಸಿಗದ್ದೇ ಅವಳಿಗೆ ದೊಡ್ಡ ಸಂಕಟವಾಗಿತ್ತು. ಬಯ್ಯಲು ಒಂದು ನೆಪವನ್ನೂ ಕೊಡದ ಹೆಂಗಸಿನ ಎದುರು ಬಾಳುವೆ ಮಾಡುವುದು ಸುಲಭವೇ?

ಸಂಸ್ಥಾನಗಳು ಮುಗಿದು, ಶಿರಹಟ್ಟಿ ಲಕ್ಷ್ಮೇಶ್ವರಗಳೂ ಗದಗಿನ ಹಾಗೆ ಮುಂಬಯಿ ಸರಕಾರದ ಕೆಳಗೆ ಬಂದ ಮರುವರ್ಷ. ಬೆಟಗೇರಿಯ ಗೋಣಿಚೀಲದ ವ್ಯಾಪಾರಿ ಮಹಬೂಬಸಾಬ ಹುಬ್ಬಳ್ಳಿಯ ಲಿಲಾವಿನಲ್ಲಿ ಸವಾಲು ಕೂಗಿ ಪಲ್ಟನ್ನಿನ ಮಿಲಿಟರಿ ಮಾಲು ಹಿಡಿದು ತಂದ. ಯುದ್ಧಕ್ಕೆಂದು ಹೊಲಿಸಿ, ಯುದ್ಧವೇ ಮುಗಿದುಹೋಗಿ ಉಗ್ರಾಣದಲ್ಲಿ ಕೊಳೆಯುತ್ತಿದ್ದ ಸಾಮಾನು: ಕಂದೀಲು, ತಗಡಿನ ತಾಟು, ಮಡಚುವ ಮಂಚ, ಕಟ್ಟು ಸಹ ಬಿಚ್ಚದ ಡೇರೆಗಳು. ಡೇರೆಗಳನ್ನು ನಾಟಕದ ಕಂಪನಿಯವರು, ರಸ್ತೆಯ ಗುತ್ತಿಗೆದಾರರು ಎತ್ತಿಕೊಂಡು ಹೋಗಿ ಕೊನೆಗೆ ಒಂದು ಉಳಿಯಿತು. ಅದರ ಒಂದು ಮೂಲೆಗೆ ಕಟ್ಟಿನೊಳಗಿನ ಕಬ್ಬಿಣದ ಗೂಟ ತಾಗಿ ತುಕ್ಕಿನ ಕೆಂಪು ಕಲೆ ಹತ್ತಿತ್ತು.

ಸಂತೆಯಲ್ಲಿ ಅಂಥ ಡೇರೆ ಎಂದರೆ ಏನೆಂದು ಗೋಣಿತಟ್ಟಿನ ಕೆಳಗೆ ಕೂತವರಿಗೇ ಗೊತ್ತು. ಬಿಸಿಲಿಗೆ ನೆರಳು ಎಲ್ಲಿದೆಯೋ ಗಿರಾಕಿ ಅಲ್ಲಿ. ಮಳೆಗೆ ಸೂರು ಎಲ್ಲಿದೆಯೋ ಒಲೆ ಉರಿಯುವುದು ಅಲ್ಲಿ. ಉಡಚವ್ವ ಡೇರೆಯ ಬಟ್ಟೆಯನ್ನು ಬೆರಳಿನಿಂದ ತಿಕ್ಕಿ, ಮೂಸಿ, ದರ ಕೇಳಿ ಬೆಚ್ಚಿದಳು.

"ತಂಗಿ, ಮಿರಗಾ ಮಳಿ ಕೂಡೂದರಾಗ ಬೇಕಂದ್ರ ಇದ ದರ" ಎಂದ ಮಹಬೂಬಸಾಬ. "ಮಳಿಗಾಲ ದಾಟಿ ಬಂದಿ ಅಂದ್ರ ಅರ್ಧಕ್ಕ ಒಯ್ಯಿ. ಇಲಿ ಕಡಿಯೂ ಮಾಲು, ಎಷ್ಟಂತ ಕಾಯ್ಲಿ? ಆದ್ರ ಅಲ್ಲೀತನಕ ಇದು ಇಲ್ಲೇ ಇರತೈತಂತ ನಾ ಮಾತು ಕೊಡಂಗಿಲ್ಲ."

ಅವಳು ಅಂಗಡಿಯ ಮೆಟ್ಟಿಲು ಇಳಿಯುವಾಗ ಎದುರಿಗೆ ಬಸವಣ್ಣೆವ್ವ ಮೆಟ್ಟಿಲು ಹತ್ತುತ್ತಿದ್ದಳು. "ಅಕ್ಕಾ, ನೀನೂ ಡೇರೆ ನೋಡಾಕ ಬಂದಿದ್ದೇನ?" ಎಂದಳು.

"ನಾ ಯಾಕ ನೋಡ್ಲಿ? ಚೀಲಕ್ಕ ಬಂದಿದ್ದೆ" ಎಂದು ಉಡಚವ್ವ ಬರಿಗೈ ಬೀಸಿಕೊಂಡು ಹೊರಟುಹೋದಳು.

ಆ ದಿನದಿಂದ ಅವಳಿಗೆ ಅನ್ನ ಸೇರಲಿಲ್ಲ. ಈಗಲೇ ಕೊಳ್ಳೋಣವೆಂದರೆ ಎತ್ತು ಮಾರಬೇಕು. ಕಾಯೋಣವೆಂದರೆ ಅಷ್ಟರಲ್ಲಿ ನೆಗೆಣ್ಣಿ ಹೊಡೆದುಕೊಂಡು ಹೋದರೆ? ಬಸವಣ್ಣೆವ್ವನ ನಗು, ಬಸವಣ್ಣೆವ್ವನ ಕೈಗುಣ, ಅದರ ಮೇಲೆ ಬಸವಣ್ಣೆವ್ವನ ಡೇರೆ! ಗಂಡ ಕುಬೇರಪ್ಪನ ಮುಂದೆ ಹೇಳಿಕೊಂಡರೆ ಅವನು ಎತ್ತಿನ ಕೊರಳು ತುರಿಸುತ್ತ, "ಮಳಿಗೇಂತ ಡೇರೆ. ಮಳಿ ದಾಟಿದ ಮ್ಯಾಲ ತೊಗೊಂಡು ಅದರಾಗ ಏನು ತೊಟ್ಟಲಾ ಕಟ್ಟತೀ?" ಎಂದ. ಹೆಸರಿಗೆ ಕುಬೇರ, ಬುದ್ಧಿ ಹೇಳುವುದರಲ್ಲಿ ಮಾತ್ರ ಧಾರಾಳಿ.

ಉಪಾಯ ಹೊಳೆದದ್ದು ಮುಂಡರಗಿಯ ಸಂತೆಯಲ್ಲಿ. ಎಲೆ ಮಾರುವ ಕರೆವ್ವ ಪಕ್ಕದಲ್ಲಿ ಕೂತಿದ್ದಳು. ಕರೆವ್ವನ ಬಾಯಿಗೆ ಬಿದ್ದ ಮಾತು ಎಲೆಗಿಂತ ಮೊದಲು ಖರ್ಚಾಗುತ್ತಿತ್ತು. ಉಡಚವ್ವ ಸೆರಗು ಬಾಯಿಗೆ ಹಿಡಿದು ಅವಳ ಕಿವಿಗೆ ಬಗ್ಗಿದಳು. "ಮಾಬುಸಾಬನ ಅಂಗಡ್ಯಾಗ ಒಂದು ಡೇರೆ ಐತೆಲ್ಲ, ಅದರಾಗ ಒಬ್ಬ ಸಿಪಾಯಿ ಸತ್ತಾನಂತ ನೋಡವಾ. ಮೂಲ್ಯಾಗ ರಕ್ತ ಇನ್ನೂ ಹಂಗ ಐತಿ. ನಾನ ನೋಡೀನಿ. ಯಾರಿಗೂ ಹೇಳಬ್ಯಾಡ ಮತ್ತ."

ಹೇಳಬೇಡ ಎಂದದ್ದೇ ಸಾಕಾಯಿತು. ಸುದ್ದಿಗೆ ಕಾಲಿಲ್ಲದಿದ್ದರೂ ಗಾಡಿಗಿಂತ ಮುಂದೆ ಓಡಿತು. ಮುಂಡರಗಿಯಲ್ಲಿ ಸುಮ್ಮನೆ ಸತ್ತಿದ್ದ ಸಿಪಾಯಿ ಶಿರಹಟ್ಟಿ ಮುಟ್ಟುವಷ್ಟರಲ್ಲಿ ತಲೆ ಕಳೆದುಕೊಂಡಿದ್ದ. ಲಕ್ಷ್ಮೇಶ್ವರದಲ್ಲಿ ಅವನು ನೀರು ಬೇಡುತ್ತಿದ್ದ. ತಲೆ ಇಲ್ಲದವನು ಯಾವ ಬಾಯಿಂದ ಬೇಡಿದ ಎಂದು ಒಬ್ಬರೂ ಕೇಳಲಿಲ್ಲ. ಗದಗಿಗೆ ತಿರುಗಿ ಬರುವಾಗ ಅವನಿಗೆ ಬರ್ಮಾ ದೇಶದಲ್ಲಿ ಒಬ್ಬ ಹೆಂಡತಿಯೂ ಹುಟ್ಟಿಕೊಂಡಿದ್ದಳು. ತನ್ನ ಒಂದು ಮಾತಿಗೆ ಇಷ್ಟು ಟೊಂಗೆ ಒಡೆದದ್ದನ್ನು ಕೇಳಿ ಉಡಚವ್ವನಿಗೆ ಒಳಗೊಳಗೇ ಹೆಮ್ಮೆ. ಜನ್ಮದಲ್ಲಿ ಮೊದಲ ಸಲ ಅವಳು ಮಾಡಿದ್ದನ್ನು ನಾಲ್ಕು ಊರು ಬಾಯಿ ಚಪ್ಪರಿಸಿ ಸವಿದಿತ್ತು. ಅಡಿಗೆಯವಳ ಹೆಸರು ಮಾತ್ರ ಹೇಳುವ ಹಾಗಿರಲಿಲ್ಲ.

ಡೇರೆ ಅಲ್ಲಾಡಲಿಲ್ಲ. ಬಸವಣ್ಣೆವ್ವನೂ ಅದರ ಮಾತು ತೆಗೆಯುವುದನ್ನು ಬಿಟ್ಟಳು.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಉಡಚವ್ವ ಹರಕು ತಟ್ಟಿನ ಕೆಳಗೆ ಕೂತು ಹಸಿ ಕಟ್ಟಿಗೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಳು. ಹಿಟ್ಟು ನೀರು ಕುಡಿಯಿತು, ಗಿರಾಕಿ ಬರಲಿಲ್ಲ, ಮೈಗೆ ನೆಗಡಿ ಹತ್ತಿತು. ಆದರೆ ಎದುರಿಗೆ ಬಸವಣ್ಣೆವ್ವನೂ ತೊಯ್ಯುತ್ತಿದ್ದಳು. ಅವಳ ಒಲೆಯೂ ಬುಸ್ಸೆಂದು ಆರುತ್ತಿತ್ತು. ಅದನ್ನು ಕಂಡಾಗ ಉಡಚವ್ವನಿಗೆ ತನ್ನ ಮೈಯ ಚಳಿಯೇ ಬೆಚ್ಚಗಾಗುತ್ತಿತ್ತು. ಗಂಡ ಸತ್ತರೂ ಚಿಂತೆಯಿಲ್ಲ, ಸವತಿ ಮುಂಡೆಯಾಗಲಿ ಅನ್ನುವ ಜಾತಿ ಅದು.

ದಸರೆ ದಾಟಿತು. ಇನ್ನು ತಡೆದರೆ ಇಲಿಯ ಪಾಲು ಎಂದು ಲೆಕ್ಕ ಹಾಕಿ, ಒಂದು ಬೆಳಗ್ಗೆ ಮಹಬೂಬಸಾಬ ಅಂಗಡಿಯ ಹಲಗೆ ತೆಗೆಯುವ ಮೊದಲೇ ಉಡಚವ್ವ ಹೋಗಿ ಕಟ್ಟೆಯ ಮೇಲೆ ಕೂತಳು. ಅದೂ ಯೋಚಿಸಿಯೇ ಮಾಡಿದ್ದು. ದಿನದ ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದರೆ ಬೋಣಿಗೆ ಮುರಿಯುತ್ತದೆ, ದಿನವೆಲ್ಲ ವ್ಯಾಪಾರ ಕುಂಟುತ್ತದೆ. ಹಾಗಾಗಿ ಬೋಣಿಗೆಯವಳು ಕೇಳಿದ್ದಕ್ಕೆ ಅಂಗಡಿಯವನು ಗೋಣು ಹಾಕಲೇಬೇಕು. ಅರ್ಧಕ್ಕೆ ಸಿಗುವುದನ್ನು ಅವಳು ಅರ್ಧದ ಅರ್ಧಕ್ಕೆ ಕೇಳಿದಳು.

ಮಹಬೂಬಸಾಬ ಚೌಕಾಸಿಯನ್ನೇ ಮಾಡಲಿಲ್ಲ. "ಒಯ್ಯಿ ತಂಗಿ, ಬೋಣಿಗಿ ಮಾಡು. ಯಾವನೋ ಏನೋ ಅಂದ, ಇದು ಇರೂತನಕ ಮಂದಿ ಚೀಲಾ ಒಯ್ಯಾಕೂ ನನ್ನ ಅಂಗಡಿ ಹತ್ತವಲ್ರು. ನಿನಗ ಅಂಜಿಕಿ ಇಲ್ಲೇನ?"

"ನನಗೆಂಥಾ ಅಂಜಿಕಿ ಕಾಕಾ? ಅದು ತುಕ್ಕು" ಎಂದಳು. ಅವನ ಸೊರಗಿದ ಮುಖ ನೋಡಲಾಗದೆ ಸೆರಗಿನ ಗಂಟು ಬಿಚ್ಚಿ ರೊಕ್ಕ ಎಣಿಸತೊಡಗಿದಳು. ಡೇರೆ ಗಾಡಿಗೆ ಬಿದ್ದದ್ದೇ ಆ ಮುಖ ಮರೆತುಹೋಯಿತು.

ಶಿರಹಟ್ಟಿ ಸಂತೆಯಲ್ಲಿ ಕುಬೇರಪ್ಪ ಗೂಟ ಬಡಿದು ಡೇರೆ ನಿಲ್ಲಿಸಿದಾಗ ಉಡಚವ್ವ ಎದುರಿನ ಹರಕು ತಟ್ಟಿನ ಕಡೆ ಒಮ್ಮೆ ನೋಡಿ, ಒಳಗೆ ಹೋಗಿ, ರಾಣಿಯ ಹಾಗೆ ಹಂಚಿನ ಮುಂದೆ ಕೂತಳು. ಮಧ್ಯಾಹ್ನವಾಯಿತು. ಮಂದಿ ಬಂದರು, ದೂರ ನಿಂತರು, ಬೆರಳು ಮಾಡಿದರು, ಹೋದರು. ಮಕ್ಕಳನ್ನು ತಾಯಂದಿರು ಸೆರಗಿನೊಳಗೆ ಎಳೆದುಕೊಂಡರು. ಒಬ್ಬ ಗೌಡ ಹಸಿದು ಬಾಗಿಲವರೆಗೆ ಬಂದವನು ಮೂಲೆಯ ಕಲೆ ಕಂಡು ಚಪ್ಪಲಿ ತಿರುಗಿಸಿದ.

"ಅದು ತುಕ್ಕುರೀ! ಬರೇ ತುಕ್ಕು!" ಎಂದು ಉಡಚವ್ವ ಕೂಗಿಕೊಂಡಳು. ಯಾರೂ ನಂಬಲಿಲ್ಲ. ಮುಂಡರಗಿಯಲ್ಲಂತೂ ಕರೆವ್ವನೇ ಬಂದು, "ನೀನ ಹೇಳಿದ್ದೆಲ್ಲವಾ ರಕ್ತ ಅಂತ? ಮತ್ತ ಅದನ್ನ ಯಾಕ ತೊಗೊಂಡಿ? ಒಂದು ನಿಂಬಿಹಣ್ಣರ ಕಟ್ಟು" ಎಂದಳು. ಉಡಚವ್ವ ಒಲೆಗೆ ಬಗ್ಗಿ ಕಟ್ಟಿಗೆ ಸರಿಸಿದಳು. ಸುಳ್ಳು ಹೇಳಿದೆ ಎನ್ನುವ ಹಾಗಿಲ್ಲ. ಒಬ್ಬ ವ್ಯಾಪಾರಿಯ ಮಾಲಿಗೆ ಹೆಸರು ಕೆಡಿಸಿ ತಾನೇ ಅದನ್ನು ಮಣ್ಣಿನ ದರಕ್ಕೆ ಎತ್ತಿದವಳನ್ನು ಯಾವ ಸಂತೆ ಒಳಗೆ ಬಿಟ್ಟುಕೊಂಡೀತು? ಸಂತೆಯಿಂದ ಸಂತೆಗೆ ಅವಳ ಹಿಟ್ಟು ಹಾಗೇ ತಿರುಗಿ ಬಂತು. ಎದುರಿಗೆ ಬಸವಣ್ಣೆವ್ವನ ಹರಕು ತಟ್ಟಿನ ಕೆಳಗೆ ಮಂದಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಉಣ್ಣುತ್ತಿದ್ದರು. ಹೀಗೇ ಇನ್ನೆರಡು ಸಂತೆ ಆದರೆ ಒಲೆ ಆರಿಸಿ ಕೂಲಿಗೆ ಹೋಗಬೇಕು ಎಂದು ಕುಬೇರಪ್ಪ ಮೊದಲ ಸಲ ನಗದೆ ಹೇಳಿದ.

ಲಕ್ಷ್ಮೇಶ್ವರದ ಸಂತೆಯ ದಿನ ಸ್ವಾತಿ ಮಳೆ ಹಠಾತ್ತನೆ ಇಳಿಯಿತು. ಮಂದಿ ಕಾಳಿನ ಚೀಲ ತಲೆಗೇರಿಸಿ ಓಡಿದರು. ಡೇರೆಯ ಮುಂದಿನಿಂದಲೇ ಓಡಿದರು, ಒಳಗೆ ಒಬ್ಬರೂ ಬರಲಿಲ್ಲ. ಎಲ್ಲರೂ ಬಸವಣ್ಣೆವ್ವನ ತಟ್ಟಿನ ಕೆಳಗೆ ತುರುಕಿಕೊಂಡರು. ಉಳಿದ ಕಂದೀಲುಗಳನ್ನು ಮಾರಲು ಬಂದಿದ್ದ ಮಹಬೂಬಸಾಬನೂ ಅಲ್ಲೇ. ತಟ್ಟು ನೀರಿನ ಭಾರಕ್ಕೆ ಜೋತು ಹರಿಯಿತು. ಬಸವಣ್ಣೆವ್ವನ ಒಲೆ ಆರಿತು. ಒಂದು ಹನಿಯೂ ಸೋರದ ಡೇರೆಯಲ್ಲಿ ಉಡಚವ್ವ ಒಬ್ಬಳೇ, ಉರಿಯುವ ಒಲೆಯ ಮುಂದೆ.

ಆಗ ಬಸವಣ್ಣೆವ್ವ ರೊಟ್ಟಿಯ ಬುಟ್ಟಿ ತಲೆಯ ಮೇಲಿಟ್ಟು, ಕೆಸರು ದಾಟಿ, ನೆಟ್ಟಗೆ ಡೇರೆಯೊಳಗೆ ಬಂದಳು. "ಅಕ್ಕಾ, ಒಂಚೂರು ಸರಿ" ಎಂದು ಒಲೆಯ ಪಕ್ಕ ಕೂತಳು. ಆಮೇಲೆ ಹೊರಗೆ ತಿರುಗಿ ಕೂಗಿದಳು.

"ಬರ್ರೆಪಾ ಒಳಗ! ಇದರಾಗ ಯಾರೂ ಸತ್ತಿಲ್ಲ. ಅದು ತುಕ್ಕು. ಆ ಕಥಿ ಹುಟ್ಟಿಸಿದಾಕಿ ನಾನ! ನಮ್ಮಕ್ಕ ಎಲ್ಲಿ ಡೇರೆ ತೊಗೋತಾಳೋ ಅಂತ ಹೊಟ್ಟಿಕಿಚ್ಚಿಗೆ ಹಂಗಂದಿದ್ದೆ. ತಪ್ಪಾತು, ಬರ್ರಿ!"

ಮೊದಲು ಯಾರೋ ನಕ್ಕರು, ಹಿಂದೆಯೇ ಎಲ್ಲರೂ ನಕ್ಕರು. ದಬದಬನೆ ಒಳಗೆ ನುಗ್ಗಿ ಡೇರೆ ತುಂಬಿದರು. "ಎಂಥಾ ಹುಡಿಗ್ಯವ್ವಾ ನೀ! ತಲಿ ಇಲ್ಲದವಗ ನೀರು ಕುಡಿಸಿದಿ!" ಎಂದ ಒಬ್ಬ. "ಬರ್ಮಾದ ಹೆಂಡತೀನ ಎಲ್ಲಿಂದ ತಂದೀ?" ಎಂದ ಇನ್ನೊಬ್ಬ. ಮಹಬೂಬಸಾಬ ಗಡ್ಡದ ನೀರು ಒರೆಸುತ್ತ, ಬಸವಣ್ಣೆವ್ವ ಕೈಗಿಟ್ಟ ರೊಟ್ಟಿ ಮುರಿಯುತ್ತ, "ನನ್ನ ವ್ಯಾಪಾರ ಹಾಳ ಮಾಡಿದಿ ಬಿಡು. ಆದ್ರ ಕಥಿ ಮಾತ್ರ ಭಾರಿ ಕಟ್ಟಿದ್ದಿ. ನಾನೂ ಅಂಜಿದ್ದೆ" ಎಂದ. ತಪ್ಪು ಒಪ್ಪಿಕೊಂಡರೂ ಬಸವಣ್ಣೆವ್ವನಿಗೆ ಹೊಗಳಿಕೆಯೇ!

ಬಸವಣ್ಣೆವ್ವ ಅಕ್ಕನ ಕಡೆ ಬಗ್ಗಿ ಮೆಲ್ಲಗೆ, "ಅದು ನಿನ್ನ ಮಾತಂತ ಕರೆವ್ವ ನನಗ ಅವತ್ತ ಹೇಳಿದ್ದಳು. ಆತು, ಸುಮ್ಮನಿರು. ರೊಟ್ಟಿ ಬಡಿ" ಎಂದಳು.

ಉಡಚವ್ವ ಬಡಿದಳು. ಒಂದು ಬಡಿದಳು, ಇನ್ನೊಂದು ಬಡಿದಳು. ಡೇರೆ ತುಂಬಿತ್ತು, ಒಲೆ ಉರಿಯುತ್ತಿತ್ತು, ಹೆಸರು ಉಳಿದಿತ್ತು. ಸುಮ್ಮನಿದ್ದರೆ ಬಾಳು ಹಸನಾಗುತ್ತಿತ್ತು. ಆದರೆ ಎಡಕ್ಕೂ ಬಲಕ್ಕೂ "ಬಸವಣ್ಣೆವ್ವನ ಕಥಿ, ಬಸವಣ್ಣೆವ್ವನ ಕಥಿ" ಎನ್ನುವುದೇ ಕೇಳುತ್ತಿತ್ತು. ಅವಳು ಬಡಿಯುವುದು, ಆಕೆ ನೀಡುವುದು, ಹೊಗಳಿಕೆ ಆಕೆಗೆ. ಕಡೆಗೆ ಅವಳ ಹೊಟ್ಟೆಕಿಚ್ಚನ್ನೂ ಆಕೆಯೇ ಎತ್ತಿಕೊಂಡು ನಾಲ್ಕು ಜನರ ಮುಂದೆ ನೀಡಿಬಿಟ್ಟಿದ್ದಳು.

"ಆಕಿ ಅಲ್ಲ!" ಉಡಚವ್ವ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. "ಆಕಿಗೆ ಎಲ್ಲಿಂದ ಬರಬೇಕು ಅಷ್ಟು ಬುದ್ಧಿ? ಸಿಪಾಯಿನ್ನ ಕೊಂದಾಕಿ ನಾನು! ಆ ಕಥಿ ನಂದು!"

ಮಹಬೂಬಸಾಬ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ಇಳಿಸಿದ. ಬೋಣಿಗೆಯ ಆ ಬೆಳಗ್ಗೆ, ಅವಳು ಕೇಳಿದ ದರ, ಎಲ್ಲವೂ ಅವನ ಕಣ್ಣಲ್ಲಿ ಒಂದಕ್ಕೊಂದು ಕೂಡಿಕೊಂಡಿತು. ಮುರಿದ ರೊಟ್ಟಿಯನ್ನು ಬುಟ್ಟಿಯ ಅಂಚಿಗಿಟ್ಟು, ಕಂದೀಲಿನ ಗಂಟು ಹೊತ್ತು ಮಳೆಗೆ ಇಳಿದ.

"ನಾ ನುಂಗಿದ್ದೆನೆಲ್ಲ ಅಕ್ಕಾ, ನೀ ಯಾಕ ಕಾರಿದಿ?" ಎಂದಳು ಬಸವಣ್ಣೆವ್ವ. ಅವಳ ಕಣ್ಣು ತುಂಬಿತ್ತು.

"ನೀ ನುಂಗಿದ್ದಕ್ಕ" ಎಂದಳು ಉಡಚವ್ವ.

ಸೆರಗನ್ನು ತಲೆಗೆಳೆದುಕೊಂಡು ಅವಳು ಸಾಬನ ಹಿಂದೆ "ಕಾಕಾ, ನಿಂದರ, ಕಾಕಾ" ಎನ್ನುತ್ತ ಕೆಸರಿನಲ್ಲಿ ಓಡಿದಳು. ಅವನು ತಿರುಗಲಿಲ್ಲ. ನೆನೆದು ನಿಂತು ಒಮ್ಮೆ ಹೊರಳಿ ನೋಡಿದರೆ, ಡೇರೆಯೊಳಗೆ ಮಂದಿ ಮತ್ತೆ ಸಾಲಾಗಿ ಕೂತಿದ್ದರು. ಅವಳ ಹಂಚಿನ ಮುಂದೆ ಬಸವಣ್ಣೆವ್ವ ಕೂತು ರೊಟ್ಟಿ ಬಡಿಯುತ್ತಿದ್ದಳು.